ಎರಡನೆಯ ಸಹಿ

ಥೋರಾ ಅಜ್ಜಿ ಜೋಲಿಯಿಂದ ಜಾರಿ ಬಿದ್ದ ಹೊತ್ತಿನಲ್ಲಿ ನಾನು ನೆಲಮಾಳಿಗೆಯ ಸಭಾಕೋಣೆಯಲ್ಲಿ ಉಣ್ಣೆಯ ಎಳೆ ಹಿಡಿದುಕೊಂಡು ನಿಂತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನನ್ನ ತಪ್ಪು ಇದ್ದುದಕ್ಕಿಂತ ಚಿಕ್ಕದಾಗಿ ಕಾಣಿಸೀತು ಎಂಬ ಭಯ ನನಗೆ.

ನಾನು ಕೆಲಸ ಮಾಡುವುದು ವಿನ್ನಿಪೆಗ್‌ನ ಉತ್ತರ ಭಾಗದ ಒಂದು ವೃದ್ಧರ ಆರೈಕೆ ಮನೆಯಲ್ಲಿ. ನಮ್ಮ ಎರಡನೆಯ ಮಹಡಿಯಲ್ಲಿ ಇಪ್ಪತ್ತೆಂಟು ಜನ ಹಿರಿಯರು. ಅವರಲ್ಲಿ ಹದಿನಾಲ್ಕು ಮಂದಿಗೆ ಕಾಲಿನಲ್ಲಿ ಕಸುವಿಲ್ಲ. ಹಾಸಿಗೆಯಿಂದ ಗಾಲಿಕುರ್ಚಿಗೆ ಅವರನ್ನು ಯಂತ್ರದ ಜೋಲಿಯಲ್ಲೇ ಎತ್ತಬೇಕು. ಬೆನ್ನಿನಡಿ ದಪ್ಪ ಬಟ್ಟೆ ಹಾಸಿ, ಅದರ ನಾಲ್ಕು ಮೂಲೆಯ ಕುಣಿಕೆಗಳನ್ನು ಯಂತ್ರದ ಕೊಕ್ಕೆಗಳಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಮನುಷ್ಯ ಮೇಲೇಳುತ್ತಾನೆ. ಒಬ್ಬರು ಗುಂಡಿ ಒತ್ತಬೇಕು, ಇನ್ನೊಬ್ಬರು ಮೈ ಹಿಡಿದುಕೊಂಡು ಕೊಕ್ಕೆಗಳ ಮೇಲೆ ಕಣ್ಣಿಡಬೇಕು. ಅದು ನಿಯಮ. ಪ್ರತಿ ಕೋಣೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿರುತ್ತದೆ. ಎತ್ತಿದ ಹೊತ್ತು, ಎತ್ತಿದವರ ಸಹಿ, ಜೊತೆಗಿದ್ದವರ ಸಹಿ.

ಹಾಳೆಯಲ್ಲಿ ಯಾವಾಗಲೂ ಇಬ್ಬರು ಇರುತ್ತಿದ್ದರು. ಕೋಣೆಯಲ್ಲಿ ಒಬ್ಬರೇ.

ಇಬ್ಬರಿರಲು ಹೇಗೆ ಸಾಧ್ಯ? ಬೆಳಗಿನ ಪಾಳಿಗೆ ಆರು ಮಂದಿ ಇರಬೇಕಾದಲ್ಲಿ ಎರಡು ವರ್ಷದಿಂದ ನಾವು ನಾಲ್ಕೇ ಮಂದಿ. ಎಂಟೂವರೆಗೆ ಓಟ್ಸ್ ಗಂಜಿ ಮೇಜಿಗೆ ಬರುತ್ತದೆ, ಅಷ್ಟರೊಳಗೆ ಎಲ್ಲರೂ ಎದ್ದು ಕೂತಿರಬೇಕು. ಹಾಗಾಗಿ ಒಬ್ಬೊಬ್ಬರೇ ಎತ್ತುತ್ತಿದ್ದೆವು. ಎರಡನೆಯ ಸಹಿಯನ್ನು ತಂಡದ ಮುಖ್ಯಸ್ಥೆ ಹಾಕುತ್ತಿದ್ದಳು. ಅದೂ ಮುಂಚಿತವಾಗಿ. ಏಳಕ್ಕೆ ಹದಿನೈದು ನಿಮಿಷ ಇರುವಾಗ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಪೆನ್ನು ಹಿಡಿದು ಹದಿನಾಲ್ಕು ಬಾಗಿಲುಗಳ ಹಿಂದೆ ಹೋಗಿ ಆ ದಿನದ ಚೌಕಗಳನ್ನೆಲ್ಲ ತುಂಬಿಸಿ ಬರುವುದು. ನಮ್ಮ ಪಾಳಿಯ ಡ್ವೇನ್ ಇದಕ್ಕೆ "ಗಿಡಕ್ಕೆ ನೀರು ಹಾಕೋದು" ಅಂತ ಹೆಸರಿಟ್ಟಿದ್ದ.

"ಏನಕ್ಕ, ಗಿಡಕ್ಕೆಲ್ಲ ನೀರು ಹಾಕಿ ಆಯ್ತಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದ.

"ಆಯ್ತಪ್ಪ, ನೀನು ಹೂ ಬಿಡು ಈಗ," ಅನ್ನುತ್ತಿದ್ದೆ. ನಾವಿಬ್ಬರೂ ನಗುತ್ತಿದ್ದೆವು. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ನನಗೆ ಈ ಪದ್ಧತಿ ಕಲಿಸಿದವಳು ನನಗಿಂತ ಮುಂಚೆ ಇದ್ದ ಮುಖ್ಯಸ್ಥೆ. ಅವಳಿಗೆ ಅವಳಿಗಿಂತ ಮುಂಚಿನವಳು. "ವರ್ನಾ, ಖಾಲಿ ಚೌಕ ಮಾತ್ರ ಬಿಡ್ಬೇಡ. ಖಾಲಿ ಚೌಕ ಕಂಡ್ರೆ ಮೇಲಿನೋರಿಗೆ ಆಗಲ್ಲ," ಎಂದಿದ್ದಳು. ಇಪ್ಪತ್ತೊಂದು ವರ್ಷ ಹಿರಿಯರ ಮೈ ತೊಳೆದ ಮೇಲೆ, ಕಳೆದ ಶರತ್ಕಾಲದಲ್ಲಿ ನನಗೆ ಆ ಹುದ್ದೆ ಸಿಕ್ಕಿತ್ತು. ಹುದ್ದೆಗೆ ತಕ್ಕವಳಾಗಬೇಕೆಂದು ಮಂಗಳವಾರ, ಗುರುವಾರ ಸಂಜೆ ಮೇಲ್ವಿಚಾರಕರ ತರಗತಿಗೂ ಸೇರಿದ್ದೆ. ಅಲ್ಲಿ "ಕರುಣೆಯುಳ್ಳ ನಾಯಕಿ" ಎಂಬ ವಿಷಯದ ಮೇಲೆ ನಾಲ್ಕು ಪುಟ ಬರೆದಿದ್ದೆ. ಮೂರು ಸಲ ತಿದ್ದಿದ್ದೆ. ಒಳ್ಳೆಯ ಅಂಕ ಬಂದಿತ್ತು.

ಆ ಮಂಗಳವಾರ ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ ಚಳಿ. ನಮ್ಮ ನಿರ್ದೇಶಕಿ ಕೋರಲೀ ಎಲ್ಲ ಮಹಡಿಗಳಿಂದ ಹನ್ನೊಂದು ಮಂದಿಯನ್ನು ಉದ್ದೇಶಪೂರ್ಣ ನಾಯಕತ್ವದ ತರಬೇತಿಗೆ ಕರೆದಿದ್ದಳು. ಎಂಟೂವರೆಯಿಂದ ಹತ್ತೂವರೆ. ನಮ್ಮ ಮಹಡಿಯ ನಾಲ್ವರಲ್ಲಿ ನಾನು ಒಬ್ಬಳು, ಇನ್ನೊಬ್ಬಳು ಔಷಧಿ ಕೊಡುವವಳು. ಮೇಲೆ ಉಳಿದವರು ಡ್ವೇನ್ ಮತ್ತು ಮೇರಿವಿಕ್. ಡ್ವೇನ್ ಊಟದ ಕೋಣೆಯಲ್ಲಿ ಹದಿನೇಳು ಮಂದಿಗೆ ಗಂಜಿ ತಿನ್ನಿಸಬೇಕು, ಯಾರ ಗಂಟಲಿಗಾದರೂ ಸಿಕ್ಕಿಕೊಂಡೀತು ಎಂದು ಕಾಯಬೇಕು. ಕೋಣೆಗಳಿಗೆಲ್ಲ ಮೇರಿವಿಕ್ ಒಬ್ಬಳೇ.

"ಇಬ್ಬರೇ ಸಾಕಾಗಲ್ಲ ಕೋರಲೀ," ಎಂದು ಹಿಂದಿನ ದಿನ ನಾನು ಹೇಳಿದ್ದೆ. ಹೇಳಿದ್ದು ಮೆಲ್ಲಗೆ, ಅದೂ ಒಂದೇ ಸಲ.

"ಎರಡೇ ಗಂಟೆ ತಾನೇ? ನಿಮ್ಮ ತಂಡ ಎಷ್ಟು ಚೆನ್ನಾಗಿ ನಡೀತಿದೆ ನೋಡಿ, ನಿಮ್ಮ ಹಾಳೆಗಳಲ್ಲಿ ಒಂದೂ ಖಾಲಿ ಚೌಕ ಇಲ್ಲ," ಎಂದು ಅವಳು ಬೆನ್ನು ತಟ್ಟಿದಳು.

ಸಭಾಕೋಣೆಯ ಬಾಗಿಲಲ್ಲಿ ಒಂದು ಬೆತ್ತದ ಬುಟ್ಟಿ ಇಟ್ಟಿದ್ದರು. ನಮ್ಮ ಸೊಂಟದ ಕರೆಗಂಟೆಗಳನ್ನು ಬಿಚ್ಚಿ ಅದರೊಳಗೆ ಹಾಕಬೇಕು. ಮೇಲಿನಿಂದ ಯಾರಾದರೂ ಜೊತೆಗೆ ಕರೆದರೆ ಆ ಗಂಟೆ ಗುಂಯ್‌ಗುಡುತ್ತದೆ. ನಮ್ಮ ಕೆಲಸವೆಲ್ಲ ನಡೆಯುವುದು ಅದರ ಮೇಲೆಯೇ. "ಎರಡು ಗಂಟೆ ಮನಸ್ಸು ಇಲ್ಲೇ ಇರ್ಲಿ," ಎಂದು ತರಬೇತಿದಾರ ನಕ್ಕು ಬುಟ್ಟಿಯ ಮೇಲೆ ಒಂದು ಟವೆಲ್ ಮುಚ್ಚಿದ.

ಆಮೇಲೆ ಉಣ್ಣೆಯ ಉಂಡೆ ಬಂತು. ವೃತ್ತವಾಗಿ ನಿಂತು, ಒಬ್ಬರು ಇನ್ನೊಬ್ಬರ ಒಳ್ಳೆಯ ಗುಣ ಒಂದು ಹೇಳಿ ಉಂಡೆಯನ್ನು ಅವರತ್ತ ಎಸೆಯಬೇಕು, ಎಳೆಯನ್ನು ಮಾತ್ರ ಹಿಡಿದುಕೊಂಡಿರಬೇಕು. ಸ್ವಲ್ಪ ಹೊತ್ತಿನಲ್ಲಿ ನಮ್ಮ ನಡುವೆ ಕೆಂಪು ಬಲೆಯೊಂದು ಹರಡಿಕೊಂಡಿತು. ಕೋರಲೀ ಫೋನಿನಲ್ಲಿ ಫೋಟೊ ತೆಗೆದಳು.

ಆಗ ಬುಟ್ಟಿ ಗುಂಯ್‌ ಎಂದಿತು.

"ಯಾರೂ ಎಳೆ ಬಿಡಬಾರ್ದು," ಎಂದ ತರಬೇತಿದಾರ. "ಒಬ್ರು ಬಿಟ್ರೂ ಇಡೀ ಬಲೆ ಸಡಿಲ ಆಗುತ್ತೆ."

ಐದು ನಿಮಿಷದ ನಂತರ ಬುಟ್ಟಿ ಮತ್ತೆ ಗುಂಯ್‌ ಎಂದಿತು. ನಾನು ಅತ್ತ ನೋಡಿದೆ. ಅವನು ನನ್ನನ್ನು ನೋಡಿ, "ಮೇಲಿರೋರನ್ನ ನಂಬೋದೂ ನಾಯಕತ್ವಾನೇ ಮೇಡಂ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರನೆಯ ಸಲ ಗುಂಯ್‌ ಎಂದಾಗಲೂ ನಾನು ಎಳೆ ಬಿಡಲಿಲ್ಲ. ಎಲ್ಲರೆದುರು ಬಲೆ ಸಡಿಲ ಮಾಡಿದವಳು ಎನ್ನಿಸಿಕೊಳ್ಳಲು ನಾಚಿಕೆಯಾಯಿತು. ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿ ಸೋತಿದ್ದೇನೆ.

ನಾಲ್ಕನೆಯ ಸಲ ಬುಟ್ಟಿ ಗುಂಯ್‌ಗುಡಲಿಲ್ಲ. ಗೋಡೆಯ ಸ್ಪೀಕರ್‌ನಲ್ಲಿ ನಮ್ಮ ಮಹಡಿಯ ಹೆಸರು ಕೂಗಿದರು.

ಥೋರಾ ಅಜ್ಜಿಗೆ ತೊಂಬತ್ತೊಂದು ವರ್ಷ. ಗಿಮ್ಲಿಯಲ್ಲಿ, ಸರೋವರದ ದಂಡೆಯಲ್ಲಿ ನಲವತ್ತು ವರ್ಷ ಮೀನುಬಲೆ ಹೆಣೆದವಳು. ಆವತ್ತು ಬೆಳಿಗ್ಗೆಯಿಂದ ಒದ್ದೆ ಹಾಸಿಗೆಯಲ್ಲಿ ಬಿದ್ದುಕೊಂಡು, ಚಳಿಗೆ ನಡುಗುತ್ತ ಅಳುತ್ತಿದ್ದಳು. ಮೇರಿವಿಕ್ ಮೂರು ಸಲ ಕರೆದಳು, ಕಾಲು ಗಂಟೆ ಕಾದಳು, ಆಮೇಲೆ ಒಬ್ಬಳೇ ಎತ್ತಿದಳು. ಎಡಗಡೆಯ ಕುಣಿಕೆ ಕೊಕ್ಕೆಯ ತುದಿಯಲ್ಲಿ ಮಾತ್ರ ಸಿಕ್ಕಿಕೊಂಡಿತ್ತು. ಗುಂಡಿಯ ಕಡೆ ನಿಂತವರಿಗೆ ಅದು ಕಾಣುವುದಿಲ್ಲ. ಎರಡನೆಯವರಿಗೆ ಕಾಣುತ್ತದೆ.

ಅಜ್ಜಿಯ ಹೆಗಲ ಬಳಿಯ ಕೊರಳೆಲುಬು ಮುರಿಯಿತು. ಬಾಗಿಲ ಹಿಂದಿನ ಹಾಳೆಯಲ್ಲಿ ಆ ಹೊತ್ತಿನ ಎರಡನೆಯ ಚೌಕದಲ್ಲಿ ನನ್ನ ಸಹಿ ಇತ್ತು. ವಿ.ಎಚ್. ವರ್ನಾ ಹೊಲೊವಾಟಿ.

ಮೇರಿವಿಕ್‌ಳನ್ನು ಆವತ್ತೇ ಮನೆಗೆ ಕಳುಹಿಸಿದರು, ವಿಚಾರಣೆ ಮುಗಿಯುವ ತನಕ ಬರಬೇಡ ಎಂದು. ಎರಡು ದಿನ ಬಿಟ್ಟು ಕೋರಲೀ ನನ್ನನ್ನು ಕೋಣೆಗೆ ಕರೆದಳು. ಅವಳ ಬೆನ್ನ ಹಿಂದಿನ ಫಲಕದಲ್ಲಿ ಕೆಂಪು ಬಲೆಯ ಫೋಟೊ ಆಗಲೇ ಅಂಟಿತ್ತು. ನಾವು ಹನ್ನೊಂದು ಮಂದಿ ಹಲ್ಲು ಕಿರಿದು ನಿಂತಿದ್ದೆವು. ಮೂಲೆಯಲ್ಲಿ ಟವೆಲ್ ಮುಚ್ಚಿದ ಬುಟ್ಟಿಯೂ ಇತ್ತು.

"ಕೂತ್ಕೊಳ್ಳಿ ವರ್ನಾ. ಟೀ ತರಿಸ್ಲಾ?"

"ಬೇಡ."

ಅವಳು ಹಾಳೆಯನ್ನು ನನ್ನತ್ತ ತಿರುಗಿಸಿದಳು. "ಇಲ್ಲಿ ನಿಮ್ಮ ಸಹಿ ಇದೆ. ಆದ್ರೆ ನೀವು ಆಗ ಕೆಳಗಿದ್ರಿ. ನಾವೆಲ್ಲ ನೋಡಿದೀವಿ. ಹಾಗಾದ್ರೆ ಇದನ್ನ ನೀವು ಹಾಕಿರೋಕೆ ಸಾಧ್ಯ ಇಲ್ಲ."

ನಾನು ಬಾಯಿ ತೆರೆದೆ. ಅವಳು ಕೈ ಎತ್ತಿದಳು.

"ಅವಸರ ಬೇಡ. ಯೋಚಿಸಿ ಹೇಳಿ. ಆ ಕೋಣೇಲಿ ಇದ್ದೋರು ಒಬ್ರೇ. ತಾನು ಒಬ್ಬಳೇ ಎತ್ತಿದ್ದನ್ನ ಮುಚ್ಚೋಕೆ ಅವರು ನಿಮ್ಮ ಹೆಸರು ಬರೆದಿರಬಹುದು. ಜನ ಹೆದರಿದಾಗ ಏನೇನೋ ಮಾಡ್ತಾರೆ, ಅವರನ್ನ ದೂರೋದು ಬೇಡ. 'ಈ ಸಹಿ ನಾನು ಹಾಕಿದ್ದಲ್ಲ' ಅಂತ ಒಂದು ಸಾಲು ಬರೆದುಕೊಟ್ರೆ ಸಾಕು. ಮುಂದಿನ ಶುಕ್ರವಾರ ಮುಖ್ಯ ಕಚೇರಿಯೋರು ಬರ್ತಾರೆ."

ಎಷ್ಟು ಮೃದುವಾದ ದನಿ! ಕತ್ತಿಗೆ ಬೆಣ್ಣೆ ಸವರಿದ ಹಾಗೆ. ಅವಳಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ನಾಲ್ಕು ಮಂದಿಯಿಂದ ದಿನಕ್ಕೆ ಅಷ್ಟು ಜೋಡಿ ಕೈ ಬರುವುದಿಲ್ಲ ಎಂದು ಲೆಕ್ಕ ಬಲ್ಲ ಯಾರಿಗಾದರೂ ಹೊಳೆಯುತ್ತದೆ. ತುಂಬಿದ ಚೌಕಗಳು ಅವಳಿಗೆ ಬೇಕಿದ್ದವು, ಅವು ಹೇಗೆ ತುಂಬುತ್ತವೆ ಎಂಬುದು ಬೇಕಿರಲಿಲ್ಲ. ಇಷ್ಟೆಲ್ಲ ನನಗೆ ಅಲ್ಲೇ ಹೊಳೆಯಿತು. ನಾನು ಹೇಳಿದ್ದು ಮಾತ್ರ, "ಯೋಚನೆ ಮಾಡ್ತೀನಿ."

ಆ ವಾರವೆಲ್ಲ ನಾನು ಯೋಚನೆ ಮಾಡಿದೆ. ನಿಜ ಹೇಳಿದರೆ ಹುದ್ದೆ ಹೋಗುತ್ತದೆ, ಬಹುಶಃ ಕೆಲಸವೂ. ಹೇಳದಿದ್ದರೆ ಮೇರಿವಿಕ್ ಸುಳ್ಳು ಸಹಿ ಹಾಕಿದವಳಾಗುತ್ತಾಳೆ. ಆಮೇಲೆ ಈ ಪ್ರಾಂತ್ಯದ ಯಾವ ಆರೈಕೆ ಮನೆಯೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ. ಇಷ್ಟು ಸರಳವಾದ ತಕ್ಕಡಿ. ಆದರೂ ನಾನು ದಿನಾ ಅದನ್ನು ತೂಗುತ್ತಿದ್ದೆ.

ಗುರುವಾರ ಪಾಳಿ ಮುಗಿಸಿ ಬಟ್ಟೆ ಬದಲಾಯಿಸುವ ಕೋಣೆಗೆ ಹೋದರೆ ಮೇರಿವಿಕ್ ಅಲ್ಲಿದ್ದಳು. ತನ್ನ ಕಪಾಟಿನ ಸಾಮಾನನ್ನು ಚೀಲಕ್ಕೆ ತುಂಬುತ್ತಿದ್ದಳು. ಚಪ್ಪಲಿ, ಕೈಗೆ ಹಚ್ಚುವ ಕ್ರೀಮು, ನಮಗೆಲ್ಲ ಹುರಿದ ಶಾವಿಗೆ ತರುತ್ತಿದ್ದ ಡಬ್ಬಿ.

"ಬಾ ಅಕ್ಕ," ಎಂದಳು. ತಲೆ ಎತ್ತಲಿಲ್ಲ. "ಸುದ್ದಿ ಕೇಳಿದ್ಯಾ? ನಾನು ಕಳ್ಳ ಸಹಿ ಹಾಕ್ದೆ ಅಂತೆ. ನಿನ್ನ ಸಹಿ! ಕೋಳಿ ಕೆದರಿದ ಹಾಗೆ ಇರುತ್ತೆ ಅದು. ಕಲಿಯೋಕೇ ನನಗೆ ವರ್ಷ ಬೇಕು."

ನನಗೆ ನಗು ಬಂತು, ಅದರ ಹಿಂದೆಯೇ ಅಳು.

"ಥೋರಾ ಅಜ್ಜಿ ಹೇಗಿದಾಳೆ?" ಎಂದು ಕೇಳಿದಳು.

"ನಿನ್ನೆ ಆಸ್ಪತ್ರೆಯಿಂದ ಬಂದ್ಲು. ನಿನ್ನನ್ನೇ ಕೇಳ್ತಾಳೆ. 'ಆ ಪುಟ್ಟ ಕೈಯೋಳು ಎಲ್ಲಿ' ಅಂತ."

ಮೇರಿವಿಕ್ ಚೀಲದ ಜಿಪ್ ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಅದನ್ನು ಹಾಗೇ ಬಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು.

"ಒಂದು ಕೇಳ್ತೀನಿ ಅಕ್ಕ. ಮೂರು ಸಲ ಕರೆದೆ ನಾನು. ನಿನಗೆ ಕೇಳ್ಸಿತಾ?"

ನಾನು ಸೊಂಟದ ಕರೆಗಂಟೆ ಬಿಚ್ಚಿ ಬೆಂಚಿನ ಮೇಲಿಟ್ಟೆ.

"ಕೇಳಿಸ್ತು," ಎಂದೆ. "ಗಂಟೆ ಬುಟ್ಟೀಲಿತ್ತು. ಮೂರೂ ಸಲ ಕೇಳಿಸ್ತು."

ಅವಳು ಬೆಂಚಿನ ಮೇಲೆ ಕೂತಳು. ನಿಧಾನವಾಗಿ ಬೂಟಿನ ದಾರ ಕಟ್ಟಿಕೊಂಡಳು, ಒಂದು, ಆಮೇಲೆ ಇನ್ನೊಂದು. "ನಾನು ತಿಳ್ಕೊಂಡಿದ್ದೆ, ಗಂಟೆ ಕೆಟ್ಟಿದೆ ಅಂತ," ಎಂದಳು. "ಗಂಟೆ ಕೆಟ್ಟಿದೆ, ಇಲ್ದೆ ಇದ್ರೆ ಅಕ್ಕ ಬರದೆ ಇರೋಳಲ್ಲ ಅಂತ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಾಗಿಲ ಹತ್ತಿರ ತಿರುಗಿ, "ನಾಳೆ ಏನು ಹೇಳ್ಬೇಕು ಅಂತ ಯೋಚಿಸ್ತಾ ಇದೀಯಲ್ಲ, ಈಗ ಹೇಳಿದ್ಯಲ್ಲ, ಅದನ್ನೇ ಹೇಳು," ಎಂದು ಹೊರಟುಹೋದಳು.

ಮರುದಿನ ಸಭೆಗೆ ಹೋಗುವ ಮುಂಚೆ ನಾನು ಉಳಿದ ಹದಿಮೂರು ಬಾಗಿಲುಗಳ ಹಿಂದಿನ ಹಾಳೆಗಳನ್ನೂ ಕಿತ್ತುಕೊಂಡೆ. ಕೋರಲೀಯ ಕೋಣೆಯಲ್ಲಿ, ಮೇಜಿನ ಆಚೆ ಅವಳು, ಅವಳ ಪಕ್ಕ ಮುಖ್ಯ ಕಚೇರಿಯ ಒಬ್ಬ ಮನುಷ್ಯ, ಎದುರಿಗೆ ಮೇರಿವಿಕ್. ನಾನು ಹಾಳೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ಹರಡಿದೆ.

"ಇದು ನನ್ನ ಸಹಿ," ಎಂದೆ. "ಇದೂ ನನ್ನದು. ಇದೂ. ಈ ತಿಂಗಳಿಂದು ಇಷ್ಟೂ ನನ್ನದೇ. ಇದರಲ್ಲಿ ಹತ್ತಕ್ಕೆ ಒಂದರಲ್ಲೂ ನಾನು ಕೋಣೇಲಿ ಇರ್ಲಿಲ್ಲ. ಬೆಳಿಗ್ಗೆ ಮೊದ್ಲೇ ಹಾಕಿಡ್ತೀನಿ. ನನ್ನ ಮುಂಚಿನೋಳೂ ಹಾಕ್ತಿದ್ಲು."

ಕಚೇರಿಯ ಮನುಷ್ಯ ಬರೆಯುವುದನ್ನು ನಿಲ್ಲಿಸಿದ. ಕೋರಲೀ ಮುಂದೆ ಬಾಗಿದಳು. "ವರ್ನಾ, ಗೆಳತೀನ ಉಳಿಸ್ಬೇಕು ಅಂತ ನಿಮಗೆ ಅನ್ನಿಸೋದು ಸಹಜ. ನೀವು ಸ್ವಲ್ಪ ಭಾವುಕರಾಗಿದೀರಿ."

"ಭಾವುಕಳಾಗಿಲ್ಲ, ಸಿಟ್ಟು ಬಂದಿದೆ ನನಗೆ!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಒಂದು ಹಾಳೇಲೂ ಖಾಲಿ ಚೌಕ ಇಲ್ಲ ಅಂತ ಬೆನ್ನು ತಟ್ಟಿದ್ರಲ್ಲ, ನಾಲ್ಕು ಜನ ಹೇಗೆ ತುಂಬಿಸ್ತಾರೆ ಅಂತ ಒಂದು ಸಲ ಕೇಳಿದ್ರಾ? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಇವಳು ಮೂರು ಸಲ ಕರೆದ್ಲು. ಬುಟ್ಟಿ ಮೂರು ಸಲ ಗುಂಯ್‌ ಅಂತು. ನಿಮಗೂ ಕೇಳಿಸ್ತು ಕೋರಲೀ, ನನಗೂ ಕೇಳಿಸ್ತು. ನಾವು ಹನ್ನೊಂದು ಜನ ಉಣ್ಣೆ ಹಿಡ್ಕೊಂಡು ಒಬ್ಬರನ್ನೊಬ್ಬರು ಹೊಗಳ್ತಾ ನಿಂತಿದ್ವಿ. ಆ ಹೊತ್ತಲ್ಲಿ ಇಡೀ ಕಟ್ಟಡದಲ್ಲಿ ಆ ಮುದುಕಿಗೆ ಕೈ ಕೊಟ್ಟೋಳು ಇವಳೊಬ್ಬಳೇ. ಅವಳನ್ನೇ ಕಳ್ಳಿ ಮಾಡ್ತೀರಾ? ಆ ಬುಟ್ಟಿ ಬೇಕಿದ್ರೆ ನಿಮ್ಮ ಗೋಡೆ ಮೇಲಿನ ಫೋಟೊದಲ್ಲೇ ಇದೆ, ನೋಡ್ಕೊಳ್ಳಿ!"

ಕಚೇರಿಯ ಮನುಷ್ಯ ತಿರುಗಿ ಫೋಟೊ ನೋಡಿದ. ಆಮೇಲೆ ಕೇಳಿದ ಒಂದೇ ಪ್ರಶ್ನೆ: "ಕರೆಗಂಟೆ ಎಷ್ಟು ಹೊತ್ತಿಗೆ ಹೊಡೀತು ಅನ್ನೋದು ದಾಖಲಾಗುತ್ತಾ?"

"ಆಗುತ್ತೆ," ಎಂದಳು ಮೇರಿವಿಕ್. ಸಭೆಯಲ್ಲಿ ಅವಳು ಆಡಿದ ಮಾತು ಅದೊಂದೇ.

ದಾಖಲಾಗಿತ್ತು. ಒಂಬತ್ತು ನಾಲ್ಕು, ಒಂಬತ್ತು ಒಂಬತ್ತು, ಒಂಬತ್ತು ಹದಿನೈದು.

ಮೇರಿವಿಕ್‌ಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಕೆಲಸಕ್ಕೆ ಕರೆದರು. ನನಗೂ ಒಂದು ಪತ್ರ, ಜೊತೆಗೆ ಮುಖ್ಯಸ್ಥೆಯ ಹುದ್ದೆ ಹೋಯಿತು. ಅದರ ಬಗ್ಗೆ ನಾನು ದೂರುವುದಿಲ್ಲ. ಆ ಸಹಿಗಳು ನನ್ನವೇ. ಆದರೆ ಎಲ್ಲ ಮಹಡಿಗೂ ಬಂದ ಸುತ್ತೋಲೆ ಓದಿದಾಗ ನೆತ್ತಿ ಬಿಸಿಯಾಯಿತು. "ಜೋಲಿಯಲ್ಲಿ ಎತ್ತುವಾಗ ಇಬ್ಬರು ಇರುವುದು ಕಡ್ಡಾಯ ಎಂದು ಸಿಬ್ಬಂದಿಗೆ ನೆನಪಿಸಲಾಗಿದೆ." ಇಷ್ಟೇ. ನಮಗೆ ಮರೆತುಹೋಗಿತ್ತು ಅನ್ನುವ ಹಾಗೆ! ಇನ್ನಿಬ್ಬರನ್ನು ಕೊಡುವ ಮಾತು ಒಂದಕ್ಷರವೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಡ್ವೇನ್ ಆ ಸುತ್ತೋಲೆಯಿಂದ ಗಾಳಿ ಬೀಸಿಕೊಳ್ಳುತ್ತ ಬಂದ. "ಇವತ್ತು ಗಿಡಕ್ಕೆ ನೀರು ಹಾಕೋರು ಯಾರಕ್ಕ?"

"ಯಾರೂ ಇಲ್ಲ," ಎಂದೆ.

"ಹಾಗಿದ್ರೆ ಇದರಲ್ಲಿ ಹೇಳಿದ್ದನ್ನೇ ಮಾಡೋಣ. ಹೇಳಿದ ಮಾತು ಕೇಳಿದ್ರು ಅಂತ ಯಾರನ್ನಾದ್ರೂ ತೆಗೆಯೋಕಾಗುತ್ತಾ?"

ನಾಲ್ವರೂ ಕೂಡಿ ಮಾತಾಡಿಕೊಂಡೆವು. ನನಗೆ ಅಳುಕಿತ್ತು. ನಮ್ಮ ಜಗಳಕ್ಕೆ ಈ ಹಿರಿಯರನ್ನು ಮುಂದಿಟ್ಟಂತಾಗುವುದಿಲ್ಲವೇ ಎಂದು ಕೇಳಿದೆ. "ಮೊದ್ಲು ಎಲ್ಲರನ್ನೂ ಹಾಸಿಗೇಲೇ ಒರೆಸಿ, ಒಣಗಿದ್ದು ಹಾಕೋಣ. ಯಾರೂ ಒದ್ದೇಲಿ ಇರ್ಬಾರ್ದು. ಹಸಿದೋರಿಗೆ ಅಲ್ಲೇ ಗಂಜಿ. ಆಮೇಲೆ ಎತ್ತೋದು ಜೋಡೀಲಿ ಮಾತ್ರ," ಎಂದಳು ಮೇರಿವಿಕ್. ತಂಡದ ಮುಖ್ಯಸ್ಥೆ ಯಾರಾಗಬೇಕಿತ್ತು ಎಂದು ಆಗ ನನಗೆ ಗೊತ್ತಾಯಿತು. ಪ್ರತಿ ಕೋಣೆಗೂ ಹೋಗಿ ಇವತ್ತು ತಡವಾಗುತ್ತದೆ, ಏಕೆಂದರೆ ಹೀಗೆ, ಎಂದು ಹೇಳಿದೆವು.

ಥೋರಾ ಅಜ್ಜಿ ತೋಳಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. "ನಾನು ಕಾಯ್ತೀನಿ ಕಣ್ರೇ," ಎಂದಳು. "ಬಲೆ ಎಳೆಯೋಕೆ ಇಬ್ಬರಿಲ್ಲ ಅಂದ್ರೆ ನಮ್ಮಪ್ಪ ದೋಣಿ ಬಿಚ್ತಾನೇ ಇರ್ಲಿಲ್ಲ. ಇವರಿಗೆ ಅಷ್ಟೂ ಬುದ್ಧಿ ಬೇಡ್ವಾ?"

ಒಂಬತ್ತೂವರೆಯಾದರೂ ಆ ಹದಿನಾಲ್ಕರಲ್ಲಿ ಆರು ಮಂದಿ ಮಾತ್ರ ಕುರ್ಚಿಯಲ್ಲಿದ್ದರು. ಅಡುಗೆಯವರು ಕೂಗಾಡಿದರು. ತಾಯಿಯನ್ನು ನೋಡಲು ಬಂದ ಮಗಳೊಬ್ಬಳು ಕಾರಣ ಕೇಳಿ, ಸೀದಾ ಕೆಳಗಿಳಿದು ಕೋರಲೀಯ ಕೋಣೆಗೆ ಹೋದಳು. ಹತ್ತು ನಿಮಿಷದಲ್ಲಿ ಕೋರಲೀಯ ಹಿಮ್ಮಡಿ ಸದ್ದು ನಮ್ಮ ಕಾರಿಡಾರಿನಲ್ಲಿ ಕೇಳಿಸಿತು.

ಡ್ವೇನ್ ಮತ್ತು ಔಷಧಿ ಕೊಡುವವಳು ಕಾರಿಡಾರಿನ ಆ ಕೊನೆಯಲ್ಲಿ ಒಬ್ಬರನ್ನು ಎತ್ತುತ್ತಿದ್ದರು. ನಾನು ಸ್ನಾನದ ಕೋಣೆಯಲ್ಲಿ ಒಬ್ಬಾತನನ್ನು ಹಿಡಿದುಕೊಂಡಿದ್ದೆ. ತೆರೆದ ಬಾಗಿಲಿನಿಂದ ಥೋರಾ ಅಜ್ಜಿಯ ಕೋಣೆ ಎದುರಿಗೇ ಕಾಣುತ್ತಿತ್ತು. ಮೇರಿವಿಕ್ ಜೋಲಿ ಹಾಸಿ, ಕೈ ಕಟ್ಟಿ ನಿಂತಿದ್ದಳು.

"ಏನಿದು ಮೇರಿವಿಕ್? ಯಾಕೆ ಸುಮ್ಮನೆ ನಿಂತಿದೀರಿ?"

"ಎರಡನೆಯವರಿಗೆ ಕಾಯ್ತಿದೀನಿ."

"ಎಷ್ಟು ಹೊತ್ತು?"

"ಬರೋ ತನಕ."

ಕೋರಲೀ ಕಾರಿಡಾರಿನ ಎರಡೂ ಕಡೆ ನೋಡಿದಳು. ಎಂಟು ಬಾಗಿಲುಗಳ ಮೇಲೆ ಸಹಾಯಕ್ಕೆ ಕರೆಯುವ ಕೆಂಪು ದೀಪ ಉರಿಯುತ್ತಿತ್ತು.

"ಬಾಮ್ಮ ಒಳಗೆ, ಚಳಿ ಬರುತ್ತೆ," ಎಂದಳು ಥೋರಾ ಅಜ್ಜಿ ಹಾಸಿಗೆಯಿಂದ. "ಕೈ ಇದೆ ತಾನೆ ನಿನಗೆ? ಎರಡೂ ಇದೆ. ನನಗೆ ಒಂದೇ."

ಕೋರಲೀ ಕೋಟು ಬಿಚ್ಚಿ ಬಾಗಿಲಿಗೆ ಸಿಕ್ಕಿಸಿದಳು. ಎಲ್ಲಿ ಹಿಡಿಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮೇರಿವಿಕ್ ತೋರಿಸಿದಳು. "ಕುಣಿಕೆ ನೋಡು, ತುದೀಲಿ ನಿಂತಿಲ್ಲ ತಾನೆ? ಎಳೆದು ನೋಡು. ಇನ್ನೊಂದ್ಸಲ," ಎಂದು ಅಜ್ಜಿ ಗದರಿಸುತ್ತಲೇ ಇದ್ದಳು. ಅಜ್ಜಿ ಮೇಲೆದ್ದಾಗ ಅವಳ ಭಾರವೆಲ್ಲ ಕೋರಲೀಯ ತೋಳಿಗೆ ಒರಗಿತು. ನೋವಿಗೆ ಅಜ್ಜಿ ಮೂಳೆಯಿಂದ ಬಂದಂಥ ಒಂದು ಸದ್ದು ಮಾಡಿದಳು. ಕೋರಲೀಯ ಮುಖ ಬಿಳಿಚಿಕೊಂಡಿತು. ಆ ಸದ್ದನ್ನು ಅವಳು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲಿರಬೇಕು.

ಅಜ್ಜಿ ಕುರ್ಚಿಯಲ್ಲಿ ಕೂತ ಮೇಲೆ ಮೇರಿವಿಕ್ ತನ್ನ ಸಹಿ ಹಾಕಿ ಪೆನ್ನನ್ನು ಕೋರಲೀಗೆ ಕೊಟ್ಟಳು. ಕೋರಲೀ ಎರಡನೆಯ ಚೌಕದಲ್ಲಿ ಸಹಿ ಹಾಕಿದಳು.

"ಇನ್ನೂ ಏಳು ಜನ ಇದಾರೆ," ಎಂದಳು ಮೇರಿವಿಕ್. ಕೋರಲೀ ಕೋಟನ್ನು ಬಾಗಿಲಲ್ಲೇ ಬಿಟ್ಟು ಅವಳ ಹಿಂದೆ ನಡೆದಳು.

ಐದನೆಯ ಮನುಷ್ಯ ಮಾರ್ಚ್‌ನಲ್ಲಿ ಬಂದ. ಆರನೆಯವರು ಇನ್ನೂ ಬಂದಿಲ್ಲ. ಕೆಂಪು ಬಲೆಯ ಫೋಟೊ ಗೋಡೆಯ ಮೇಲೆ ಹಾಗೇ ಇದೆ. ನಮ್ಮ ಗಂಜಿ ದಿನಾ ತಡವಾಗುತ್ತದೆ, ಒಂದೊಂದು ದಿನ ತಣ್ಣಗೂ ಆಗುತ್ತದೆ, ಇಬ್ಬರು ಸಿಗದೆ ಎತ್ತದ ಹೊತ್ತಿನ ಚೌಕಗಳು ಹಾಳೆಗಳಲ್ಲಿ ಖಾಲಿಯೇ ಇವೆ. ಪ್ರತಿ ತಿಂಗಳ ಕೊನೆಗೆ ಅವನ್ನು ಮುಖ್ಯ ಕಚೇರಿಗೆ ಕಳುಹಿಸುವ ಮೊದಲು ನಾವು ಐವರೂ ಒಂದು ಸಲ ನೋಡುತ್ತೇವೆ, ಯಾರೂ ಯಾವುದನ್ನೂ ತುಂಬಿಸಿಲ್ಲ ತಾನೇ ಎಂದು.